ತುಂಗಭದ್ರೆಯ ದಡದಲ್ಲಿ ಮೂರು ಹೊಸ ವಿದ್ಯೆಗಳು

ಬೇಸಗೆಯ ಒಂದು ಬೆಳಗ್ಗೆ ನಾವು ಕಂಪ್ಲಿಯಿಂದ ಹೊಸಪೇಟೆಗೆ ಹೋಗುವ ಬಸ್ಸಿನಲ್ಲಿ ಕುಳಿತಿದ್ದೆವು. ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದು ಕೆಲವೇ ದಿನಗಳಾಗಿದ್ದವು. ನಮ್ಮ ಎದುರಿನ ಆಸನದಲ್ಲಿ ಒಬ್ಬ ರೈತರು. ಅವರ ಪಕ್ಕದಲ್ಲಿ ಅಂಕಪಟ್ಟಿಯ ಚೀಲವನ್ನು ಎದೆಗವಚಿಕೊಂಡ ಮಗಳು. ಇಬ್ಬರೂ ಕಾಲೇಜಿನ ಅರ್ಜಿ ತರಲು ಹೊರಟವರು.

"ಯಪ್ಪಾ, ನಾನು ಕಂಪ್ಯೂಟರ್ ತಗೋತೀನಿ" ಎಂದಳು ಹುಡುಗಿ.

"ಅದು ಇಂಗ್ಲಿಷು ಬಲ್ಲೋರಿಗೆ ಯವ್ವಾ, ನಮ್ಮಂಥೋರಿಗಲ್ಲ. ಬರೇ ಕಾಮರ್ಸು ತಗಂಡ್ರೆ ಬ್ಯಾಂಕಿನಾಗಾದ್ರೂ ಕೆಲಸ ಸಿಗ್ತೈತಿ" ಎಂದ ತಂದೆ, ನಮ್ಮ ಕಡೆಗೆ ತಿರುಗಿದರು. "ನೀವು ಓದಿದೋರು ಕಾಣ್ತೀರಿ ಸಾರ್, ನೀವೇ ಹೇಳ್ರಿ. ತಪ್ಪಿದ್ರೆ ಎರಡು ವರ್ಷ ನೀರಾಗ ಹೋಗ್ತಾವು."

ಬಸ್ಸು ಹೊಸಪೇಟೆಯನ್ನು ಮುಟ್ಟುವವರೆಗೆ ನಾವು ಹೇಳಿದ್ದು ಸ್ವಲ್ಪ, ಹೇಳಬೇಕಾಗಿದ್ದುದು ಬಹಳ. ಪ್ರತಿ ವರ್ಷವೂ ಇದೇ ಪ್ರಶ್ನೆ ಸಾವಿರಾರು ಮನೆಗಳ ಜಗಲಿಯ ಮೇಲೆ ಏಳುತ್ತದೆ. ಆದುದರಿಂದ ವ್ಯವಹಾರ, ಅಂಕೀಯ ಮಾಧ್ಯಮ ಮತ್ತು ಗಣಕಯಂತ್ರದ ಕ್ರಮವಿಧಿ ರಚನೆ ಎಂಬ ಮೂರು ವಿದ್ಯೆಗಳ ಒಳಗೆ ಏನಿದೆ ಎಂಬುದನ್ನು ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ನೆಲದಲ್ಲಿಯೇ ನಿಂತು ನೋಡೋಣ.

ಶಾಲೆಗೆ ಬಂದ ಬಗೆ

ಪುಸ್ತಕದ ಓದಿನೊಡನೆ ಕೈಕಸಬೂ ಶಾಲೆಯಲ್ಲಿರಬೇಕೆಂಬ ವಿಚಾರ ಹೊಸದಲ್ಲ. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಕಾರ್ಯಾನುಭವವನ್ನು ಶಿಕ್ಷಣದ ಅಂಗವನ್ನಾಗಿ ಮಾಡಬೇಕೆಂದೂ, ಪ್ರೌಢಶಿಕ್ಷಣದಲ್ಲಿ ವೃತ್ತಿವಿದ್ಯೆಗೆ ಎಡೆಯಿರಬೇಕೆಂದೂ ಸಲಹೆ ಮಾಡಿತು. ಗಣಕಯಂತ್ರವು ಭಾರತದ ಶಾಲೆಗಳ ಬಾಗಿಲನ್ನು ತಟ್ಟಿದ್ದು 1984ರಲ್ಲಿ. ಆ ವರ್ಷ ಕೇಂದ್ರ ಸರ್ಕಾರವು 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿ, ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಬ್ರಿಟನ್ನಿನ ಚಿಕ್ಕ ಯಂತ್ರಗಳನ್ನು ಕೊಟ್ಟಿತು. ಇಂದು ಬಸ್ಸಿನಲ್ಲಿ ಕುಳಿತವರ ಜೇಬಿನಲ್ಲಿರುವ ಫೋನಿನ ಮುಂದೆ ಆ ಯಂತ್ರದ ಶಕ್ತಿ ಏನೇನೂ ಅಲ್ಲ. ಆದರೆ ಆ ಯಂತ್ರದ ಮುಂದೆ ಕುಳಿತವನು ತಾನೇ ಕ್ರಮವಿಧಿಯನ್ನು ಬರೆಯಬೇಕಾಗಿತ್ತು. ಇಂದಿನ ಫೋನನ್ನು ಹಿಡಿದವನು ಬೇರೆಯವರು ಬರೆದುದನ್ನು ಬೆರಳಿನಿಂದ ಒತ್ತುತ್ತಾನೆ, ಅಷ್ಟೆ. ಈ ಎರಡು ಸ್ಥಿತಿಗಳ ನಡುವಣ ಅಂತರವನ್ನು ದಾಟಿಸುವುದೇ ಈ ಐಚ್ಛಿಕ ವಿಷಯಗಳ ಉದ್ದೇಶ.

ಇಂದು ಕರ್ನಾಟಕದ ಕೆಲವು ಪ್ರೌಢಶಾಲೆಗಳಲ್ಲಿ ಒಂಬತ್ತು, ಹತ್ತನೆಯ ತರಗತಿಗಳಲ್ಲಿಯೇ ಮಾಹಿತಿ ತಂತ್ರಜ್ಞಾನ, ಚಿಲ್ಲರೆ ವ್ಯಾಪಾರ ಮೊದಲಾದ ವೃತ್ತಿವಿಷಯಗಳನ್ನು ತೃತೀಯ ಭಾಷೆಯ ಬದಲು ಆರಿಸಿಕೊಳ್ಳುವ ಅವಕಾಶವುಂಟು. ಪದವಿಪೂರ್ವ ತರಗತಿಯಲ್ಲಿ ಗಣಕವಿಜ್ಞಾನಕ್ಕೆ ಎರಡು ದಾರಿಗಳಿವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳೊಡನೆ ಅದನ್ನು ಓದುವುದು ಒಂದು. ಇದನ್ನು ವಿದ್ಯಾರ್ಥಿಗಳು 'ಪಿಸಿಎಂಸಿ' ಎನ್ನುತ್ತಾರೆ. ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರಗಳೊಡನೆ ಓದುವುದು ಇನ್ನೊಂದು, ಇದು 'ಸಿಇಬಿಎ'. ಕಾಮರ್ಸೋ ಕಂಪ್ಯೂಟರೋ ಎಂದು ತಂದೆ ಮಗಳು ವಾದಿಸುತ್ತಿದ್ದರಷ್ಟೆ. ಎರಡನ್ನೂ ಒಟ್ಟಿಗೆ ಓದಬಹುದೆಂಬುದು ಅವರಿಬ್ಬರಿಗೂ ತಿಳಿದಿರಲಿಲ್ಲ.

ಕಂಪ್ಲಿಯ ಬತ್ತದಲ್ಲಿ ಒಂದು ಕ್ರಮವಿಧಿ

ಗಣಕಯಂತ್ರಕ್ಕೆ ಬುದ್ಧಿಯಿದೆಯೆಂದು ಹಲವರು ಭಾವಿಸುತ್ತಾರೆ. ನಿಜವಾಗಿ ಅದು ಹೇಳಿದ್ದನ್ನು ಹೇಳಿದ ಕ್ರಮದಲ್ಲಿ, ಬೇಸರವಿಲ್ಲದೆ, ಅತಿ ವೇಗವಾಗಿ ಮಾಡುವ ಆಳು. ಹೀಗೆ ಹೇಳುವ ಮಾತುಗಳ ಸಾಲಿಗೇ ಕ್ರಮವಿಧಿ ಅಥವಾ ಪ್ರೋಗ್ರಾಮ್ ಎಂದು ಹೆಸರು.

ಒಂದು ಉದಾಹರಣೆಯನ್ನು ನೋಡೋಣ. ಕಂಪ್ಲಿಯ ಸುತ್ತ ಬೆಳೆಯುವ ಬತ್ತವು ಕೊಯ್ಲಾದೊಡನೆ ಹಸಿಯಾಗಿರುತ್ತದೆ. ಸರ್ಕಾರದ ಖರೀದಿಯ ನಿಯಮದಂತೆ ಬತ್ತದಲ್ಲಿ ನೂರಕ್ಕೆ 17 ಭಾಗದವರೆಗೆ ತೇವವಿರಬಹುದು. 75 ಕಿಲೋಗ್ರಾಮಿನ ಒಂದು ಚೀಲದಲ್ಲಿ ನೂರಕ್ಕೆ 20 ಭಾಗ ತೇವವಿದೆಯೆನ್ನೋಣ. ಆಗ ನೀರನ್ನು ಬಿಟ್ಟು ಉಳಿದ ಒಣಪದಾರ್ಥ ನೂರಕ್ಕೆ 80 ಭಾಗ, ಎಂದರೆ 60 ಕಿಲೋ. ಇದೇ ಬತ್ತವು 17 ಭಾಗ ತೇವಕ್ಕೆ ಒಣಗಿದಾಗ ಆ 60 ಕಿಲೋ ಒಣಪದಾರ್ಥವು ಇಡೀ ತೂಕದ ನೂರಕ್ಕೆ 83 ಭಾಗವಾಗಬೇಕು. 60ನ್ನು 83ರಿಂದ ಭಾಗಿಸಿ 100ರಿಂದ ಗುಣಿಸಿದರೆ 72.29 ಕಿಲೋ ಎಂದು ಬರುತ್ತದೆ. ಹೀಗಾಗಿ ತೇವಕ್ಕೆಂದು ಕಳೆಯಬೇಕಾದದ್ದು ಚೀಲಕ್ಕೆ 2.71 ಕಿಲೋ.

ಈ ಲೆಕ್ಕವನ್ನು ಯಂತ್ರಕ್ಕೆ ಹೇಳುವುದು ಹೀಗೆ:

ಒಂದು: ಚೀಲದ ತೂಕವನ್ನು ಕೇಳಿಕೊ.
ಎರಡು: ತೇವದ ಅಂಶವನ್ನು ಕೇಳಿಕೊ.
ಮೂರು: ತೇವವು 17ಕ್ಕಿಂತ ಹೆಚ್ಚಾಗಿದ್ದರೆ, ನೂರರಿಂದ ತೇವವನ್ನು ಕಳೆದು, ತೂಕದಿಂದ ಗುಣಿಸಿ, 83ರಿಂದ ಭಾಗಿಸು. ಇಲ್ಲದಿದ್ದರೆ ತೂಕವನ್ನು ಇದ್ದಂತೆಯೇ ಇಟ್ಟುಕೊ.
ನಾಲ್ಕು: ಬಂದ ಉತ್ತರವನ್ನು ತೋರಿಸು.
ಐದು: ಚೀಲಗಳು ಮುಗಿಯುವವರೆಗೆ ಮೊದಲಿನಿಂದ ಮತ್ತೆ ಮಾಡು.

ಒಂದಾದ ಮೇಲೊಂದು ಕೆಲಸ, ಹೀಗಿದ್ದರೆ ಹೀಗೆ ಎಂಬ ಆಯ್ಕೆ, ಮತ್ತೆ ಮತ್ತೆ ಮಾಡುವ ಪುನರಾವರ್ತನೆ: ಇವು ಮೂರೇ ಕ್ರಮವಿಧಿ ರಚನೆಯ ಅಡಿಗಲ್ಲುಗಳು. ಬ್ಯಾಂಕಿನ ಲೆಕ್ಕವನ್ನು ನಡೆಸುವ, ಉಪಗ್ರಹದ ದಾರಿಯನ್ನು ನಿರ್ಣಯಿಸುವ ಭಾರಿ ಕ್ರಮವಿಧಿಗಳಲ್ಲಿಯೂ ಈ ಮೂರೇ ಹಾಸುಹೊಕ್ಕಾಗಿವೆ. ಎನ್‌ಸಿಇಆರ್‌ಟಿಯ ಹನ್ನೊಂದು, ಹನ್ನೆರಡನೆಯ ತರಗತಿಯ ಪಠ್ಯಗಳು ಇವನ್ನು ಪೈಥಾನ್ ಎಂಬ ಗಣಕಭಾಷೆಯಲ್ಲಿ ಕಲಿಸುತ್ತವೆ.

ಮೇಲಿನ ಕ್ರಮವಿಧಿಯಲ್ಲಿ ಒಂದು ದೋಷವಿದೆ, ಓದುಗರು ಗಮನಿಸಿರಬಹುದು. ಯಾರಾದರೂ ಕೈತಪ್ಪಿ 20ರ ಬದಲು 200 ಎಂದು ಒತ್ತಿದರೆ ಯಂತ್ರವು ನಗುವುದಿಲ್ಲ, ಗಾಬರಿಯಾಗುವುದೂ ಇಲ್ಲ. 'ಋಣ 90.36 ಕಿಲೋ' ಎಂದು ಗಂಭೀರವಾಗಿ ಉತ್ತರಿಸುತ್ತದೆ. ಬತ್ತ ತಂದ ರೈತನೇ ವ್ಯಾಪಾರಿಗೆ ಚೀಲಕ್ಕೆ 90 ಕಿಲೋ ಕೊಡಬೇಕೆಂದು ಇದರ ಅರ್ಥ! 'ತೇವವು 0ಕ್ಕಿಂತ ಕಡಮೆ ಅಥವಾ 100ಕ್ಕಿಂತ ಹೆಚ್ಚಾಗಿದ್ದರೆ ಮತ್ತೆ ಕೇಳು' ಎಂಬ ಒಂದು ಸಾಲನ್ನು ಸೇರಿಸುವುದು ಮನುಷ್ಯನ ಕೆಲಸ. ತನ್ನ ತಪ್ಪನ್ನು ತಾನೇ ಮೊದಲೇ ಊಹಿಸಿಕೊಳ್ಳುವ ಈ ಅಭ್ಯಾಸವೇ ಈ ವಿದ್ಯೆಯ ನಿಜವಾದ ಫಲ.

ಅಣೆಕಟ್ಟು ಕಲಿಸಿದ ಪಾಠ

ಈ ಅಭ್ಯಾಸದ ಬೆಲೆ ಎಷ್ಟೆಂಬುದನ್ನು ಹೊಸಪೇಟೆಯ ಜನ ಕಣ್ಣಾರೆ ಕಂಡಿದ್ದಾರೆ. 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿಗೆ 33 ತೂಬುಗೇಟುಗಳು. 2024ರ ಆಗಸ್ಟ್ 10ರ ರಾತ್ರಿ, ಜಲಾಶಯವು ತುಂಬಿ ನಿಂತಿದ್ದಾಗ, 19ನೆಯ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ಒತ್ತಡವನ್ನು ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರನ್ನು ನದಿಗೆ ಬಿಡಬೇಕಾಯಿತು. ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ, ಸುಮಾರು ಒಂದು ವಾರದಲ್ಲಿ ಎಂಜಿನಿಯರುಗಳು ಆ ಬಾಯಿಯನ್ನು ಮುಚ್ಚಿದರು.

ಇಂತಹ ಹೊತ್ತಿನಲ್ಲಿ ಲೆಕ್ಕವು ಬೇಗನೆ ಆಗಬೇಕು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡುಗಳು. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ದಿನ ಹರಿದರೆ 864 ಕೋಟಿ ಘನ ಅಡಿ, ಎಂದರೆ 8.64 ಟಿಎಂಸಿ ಹೊರಟುಹೋಯಿತು. ಒಳಹರಿವು ಎಷ್ಟು, ಹೊರಹರಿವು ಎಷ್ಟು, ಕಾಲುವೆಗಳಿಗೆ ಎಷ್ಟು ಉಳಿಯುವುದು, ಕೆಳಗಿನ ಊರುಗಳಿಗೆ ಯಾವಾಗ ಎಚ್ಚರಿಕೆ ಕೊಡಬೇಕು ಎಂಬುದನ್ನು ಗಂಟೆಗಂಟೆಗೂ ಎಣಿಸಲು ಕ್ರಮವಿಧಿಗಳು ಬೇಕು. ಆದರೆ ಸವೆಯುತ್ತಿರುವ ಸರಪಳಿಯನ್ನು ಯಾರೂ ಅಳೆದು ಬರೆದಿಡದಿದ್ದರೆ, ಎಷ್ಟೇ ಜಾಣ ಕ್ರಮವಿಧಿಯೂ ಅದನ್ನು ಕಾಣಲಾರದು. ಆರಂಭದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಈ ಜಲಾಶಯವು ಹೂಳಿನಿಂದಾಗಿ ಸುಮಾರು 106 ಟಿಎಂಸಿಗೆ ಇಳಿದಿದೆ. ಹಳೆಯ ಅಂಕಿಯನ್ನೇ ಕೊಟ್ಟರೆ ಯಂತ್ರವು ಇಲ್ಲದ ನೀರನ್ನು ಹಂಚುತ್ತದೆ. ಅಳತೆ ಸುಳ್ಳಾದರೆ ಉತ್ತರವೂ ಸುಳ್ಳು.

ಕನ್ನಡವೂ ಒಂದು ಸಂಖ್ಯೆ

"ಅದು ಇಂಗ್ಲಿಷು ಬಲ್ಲೋರಿಗೆ" ಎಂಬ ತಂದೆಯ ಮಾತಿಗೆ ಈಗ ಬರೋಣ. ಗಣಕಯಂತ್ರಕ್ಕೆ ಇಂಗ್ಲಿಷೂ ತಿಳಿಯದು, ಕನ್ನಡವೂ ತಿಳಿಯದು. ಅದು ಬಲ್ಲುದು ಸಂಖ್ಯೆಗಳನ್ನು ಮಾತ್ರ. ಲೋಕದ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿದ ವ್ಯವಸ್ಥೆಗೆ ಯೂನಿಕೋಡ್ ಎಂದು ಹೆಸರು. ಅದರಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳು 3200ರಿಂದ 3327ರವರೆಗೆ ಇವೆ. 'ಹಂಪೆ' ಎಂದು ನಾವು ಒತ್ತಿದಾಗ ಯಂತ್ರವು ಬರೆದುಕೊಳ್ಳುವುದು ನಾಲ್ಕು ಸಂಖ್ಯೆಗಳನ್ನು: ಹಕಾರಕ್ಕೆ 3257, ಅನುಸ್ವಾರಕ್ಕೆ 3202, ಪಕಾರಕ್ಕೆ 3242, ಎತ್ವಕ್ಕೆ 3270. ನಾವು ಶಾಲೆಯಲ್ಲಿ ಕಾಗುಣಿತವನ್ನು ಕಲಿತ ಕ್ರಮದಲ್ಲಿಯೇ ವ್ಯಂಜನವು ಮೊದಲು, ಸ್ವರಚಿಹ್ನೆ ಆಮೇಲೆ. ಇದೇ ಕಾಗುಣಿತದ ತರ್ಕವನ್ನು ಅನುಸರಿಸಿ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದ ಕನ್ನಡದ ಬೆರಳಚ್ಚು ಎಷ್ಟೋ ಸುಲಭವಾಯಿತು.

ಪೈಥಾನಿನ ಆಜ್ಞಾಪದಗಳು ಇಂಗ್ಲಿಷಿನವು ಎಂಬುದು ನಿಜ. ಆದರೆ ಅವು ಮೂವತ್ತೈದು ನಲವತ್ತಕ್ಕಿಂತ ಹೆಚ್ಚಿಲ್ಲ. ನಾವು ಇಡುವ ಹೆಸರುಗಳು 'ತೂಕ', 'ತೇವ' ಎಂದು ಕನ್ನಡ ಲಿಪಿಯಲ್ಲಿದ್ದರೂ ಅದು ಒಪ್ಪುತ್ತದೆ. ಮುಂದೆ ದೊಡ್ಡ ಗ್ರಂಥಗಳನ್ನು ಓದಲು ಇಂಗ್ಲಿಷ್ ಬೇಕೇ ಬೇಕು, ಅದನ್ನು ಮುಚ್ಚಿಡುವುದು ತಪ್ಪು. ಆದರೆ ವಿಚಾರವನ್ನು ಮೊದಲು ಮಾಡಬೇಕಾದದ್ದು ತನಗೆ ಚೆನ್ನಾಗಿ ಬರುವ ಭಾಷೆಯಲ್ಲಿ.

ಹಂಪೆಯ ಕಲ್ಲು, ಕನ್ನಡಿಯ ಚುಕ್ಕೆ

ಅಂಕೀಯ ಮಾಧ್ಯಮವೆಂದರೆ ಚಿತ್ರ, ಧ್ವನಿ, ಚಲನಚಿತ್ರಗಳನ್ನು ಸಂಖ್ಯೆಗಳಾಗಿ ಹಿಡಿದು, ತಿದ್ದಿ, ಹಂಚುವ ವಿದ್ಯೆ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ ನಿಂತು ಫೋನಿನಲ್ಲಿ ಒಂದು ಚಿತ್ರವನ್ನು ತೆಗೆದೆವೆನ್ನಿ. ಅಡ್ಡಲಾಗಿ 4,000, ಉದ್ದಕ್ಕೆ 3,000 ಚುಕ್ಕೆಗಳಿದ್ದರೆ ಒಟ್ಟು 1 ಕೋಟಿ 20 ಲಕ್ಷ ಚುಕ್ಕೆಗಳಾದವು. ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳ ಪ್ರಮಾಣವನ್ನು ಮೂರು ಬೈಟುಗಳಲ್ಲಿ ಬರೆಯಬೇಕು. ಹೀಗೆ 3 ಕೋಟಿ 60 ಲಕ್ಷ ಬೈಟುಗಳು ಬೇಕು. ಆದರೆ ಫೋನು ಉಳಿಸಿಕೊಳ್ಳುವ ಚಿತ್ರವು ಇದರ ಹತ್ತನೆಯ ಒಂದು ಭಾಗದಷ್ಟೇ ಇರುವುದುಂಟು. ಉಳಿದದ್ದು ಎಲ್ಲಿ ಹೋಯಿತು? ರಥದ ಹಿಂದಿನ ಆಕಾಶದಲ್ಲಿ ಒಂದು ಚುಕ್ಕೆಗೂ ಅದರ ನೆರೆಯ ಚುಕ್ಕೆಗೂ ಹೆಚ್ಚು ಭೇದವಿಲ್ಲ. ಅದನ್ನು ಮತ್ತೆ ಮತ್ತೆ ಬರೆಯಬೇಕಾದ್ದಿಲ್ಲ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸಿದಷ್ಟು ಸೂಕ್ಷ್ಮವಾಗಿ ಬಣ್ಣದ ಭೇದವನ್ನು ಗುರುತಿಸದು. ಅಲ್ಲಿಯೂ ಉಳಿತಾಯ ಸಾಧ್ಯ. ಒಂದು ಚಿತ್ರವನ್ನು ಕುಗ್ಗಿಸುವುದರಲ್ಲಿ ಗಣಿತವೂ ಕಣ್ಣಿನ ಶರೀರವಿಜ್ಞಾನವೂ ಹೀಗೆ ಕೂಡಿ ದುಡಿಯುತ್ತವೆ.

ಧ್ವನಿಯ ವಿಷಯವೂ ಹೀಗೆಯೇ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಬಲ್ಲುದು. ಧ್ವನಿಯನ್ನು ನಷ್ಟವಿಲ್ಲದೆ ಹಿಡಿಯಲು ಅದರ ಅತ್ಯಧಿಕ ಕಂಪನದ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆಯಬೇಕು. ಸಂಗೀತದ ಮುದ್ರಿಕೆಗಳಲ್ಲಿ ಸೆಕೆಂಡಿಗೆ 44,100 ಬಾರಿ ಅಳೆಯುವುದು ಈ ಕಾರಣದಿಂದ.

ಇಷ್ಟು ತಿಳಿದರೆ ಸಾಲದು. ಚಿತ್ರವು ಸಾಕ್ಷಿಯೂ ಹೌದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಮೇಣ ಹಚ್ಚಿದ ದೊಡ್ಡ ಕಾಗದಗಳ ಮೇಲೆ ಹಂಪೆಯ ಛಾಯಾಚಿತ್ರಗಳನ್ನು ತೆಗೆದನು. ಅವುಗಳಲ್ಲಿ ಕಲ್ಲಿನ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿದೆ. ಇಂದು ಆ ಗೋಪುರವಿಲ್ಲ. ಆ ಕಾಗದಗಳು ಉಳಿಯದಿದ್ದರೆ ರಥವು ಮೊದಲಿನಿಂದಲೂ ಹೀಗೆಯೇ ಇತ್ತೆಂದು ನಾವು ನಂಬುತ್ತಿದ್ದೆವೋ ಏನೋ! 1983ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕರು ಗ್ರೀನ್‌ಲಾ ನಿಂತ ಸ್ಥಳಗಳಲ್ಲಿಯೇ ನಿಂತು ಮತ್ತೆ ಚಿತ್ರಗಳನ್ನು ತೆಗೆದರು. ಒಂದೇ ಸ್ಥಳದ ಎರಡು ಕಾಲದ ಚಿತ್ರಗಳನ್ನು ಹೋಲಿಸುವುದು ಪುರಾತತ್ತ್ವಕ್ಕೆ ದೊಡ್ಡ ನೆರವು. ಹಂಪೆಯ ಸುತ್ತಣ ವಿದ್ಯಾರ್ಥಿಗಳು ಇಂದು ದಿನಾಂಕ, ಸ್ಥಳಗಳನ್ನು ಬರೆದಿಟ್ಟು ತೆಗೆಯುವ ಒಂದೊಂದು ಚಿತ್ರವೂ ನೂರು ವರ್ಷಗಳ ಮೇಲೆ ಇಂತಹದೇ ಸಾಕ್ಷಿಯಾದೀತು.

ಸಾಕ್ಷಿಯು ಮಾಡಿದವನ ವಿರುದ್ಧವೂ ನುಡಿಯುತ್ತದೆ. ಹಂಪೆಯ ಕಂಬವೊಂದನ್ನು ಕೆಲವು ಯುವಕರು ತಳ್ಳಿ ಬೀಳಿಸಿದ ದೃಶ್ಯವು 2019ರ ಫೆಬ್ರವರಿಯಲ್ಲಿ ಫೋನಿನಿಂದ ಫೋನಿಗೆ ಹಾರಿ ದೇಶದ ತುಂಬ ಹರಡಿತು. ನ್ಯಾಯಾಲಯವು ಅವರಿಗೆ ತಲಾ 70,000 ರೂಪಾಯಿ ದಂಡ ವಿಧಿಸಿ, ಕಂಬವನ್ನು ಅವರ ಕೈಯಿಂದಲೇ ನಿಲ್ಲಿಸುವಂತೆ ಮಾಡಿತು. ಒಂದು ಕ್ಷಣದ ಮೋಜಿಗಾಗಿ ಹಿಡಿದ ದೃಶ್ಯ ಎಲ್ಲಿಗೆ ಮುಟ್ಟೀತೆಂಬ ವಿವೇಚನೆ ಈ ವಿದ್ಯೆಯ ಮೊದಲ ಪಾಠವಾಗಬೇಕು. ಇಲ್ಲದ ದೃಶ್ಯವನ್ನೂ ಇದ್ದಂತೆ ಸೃಷ್ಟಿಸಬಲ್ಲ ಯಂತ್ರಗಳು ಬಂದಿರುವ ಈ ದಿನಗಳಲ್ಲಿ, ಇದನ್ನು ಯಾರು ತೆಗೆದರು, ಎಲ್ಲಿ, ಯಾವಾಗ ಎಂದು ಕೇಳುವುದು ಎರಡನೆಯ ಪಾಠ.

ಸಂಡೂರಿನ ಅದಿರು, ಸಂಡೂರಿನ ಸೂಜಿ

ವ್ಯವಹಾರದ ವಿದ್ಯೆಗೆ ಸಂಡೂರಿಗಿಂತ ಒಳ್ಳೆಯ ಪಾಠಶಾಲೆ ಬೇಕೆ? ಈ ಶತಮಾನದ ಮೊದಲ ವರ್ಷಗಳಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿತು. ಸಂಡೂರು, ಹೊಸಪೇಟೆಗಳ ಸುತ್ತ ಅನೇಕರು ಸಾಲಮಾಡಿ ಲಾರಿಗಳನ್ನು ಕೊಂಡರು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಕಟ್ಟುನಿಟ್ಟಿನ ಮಿತಿಗಳೊಡನೆ ಗಣಿಗಳು ಮತ್ತೆ ತೆರೆದವು. ಆದರೆ ಆ ನಡುವೆ ಲಾರಿಗಳು ನಿಂತಲ್ಲಿಯೇ ನಿಂತವು. ಕಂತುಗಳು ನಿಲ್ಲಲಿಲ್ಲ.

ಇದರ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಒಬ್ಬನು ಲಾರಿಗಾಗಿ ನೂರಕ್ಕೆ ವಾರ್ಷಿಕ 12ರ ಬಡ್ಡಿಯಲ್ಲಿ 15 ಲಕ್ಷ ರೂಪಾಯಿ ಸಾಲವನ್ನು ತೆಗೆದು, 60 ಸಮ ಕಂತುಗಳಲ್ಲಿ ತೀರಿಸಲು ಒಪ್ಪಿದನು. ತಿಂಗಳ ಕಂತು ಸುಮಾರು 33,367 ರೂಪಾಯಿಯಾಗುತ್ತದೆ; ಐದು ವರ್ಷಗಳಲ್ಲಿ ಅವನು ಕಟ್ಟುವುದು 20 ಲಕ್ಷಕ್ಕೆ ಮಿಗಿಲು. ಡೀಸೆಲು, ಚಾಲಕನ ಸಂಬಳ ಕಳೆದು ಒಂದು ಸುತ್ತಿಗೆ 2,000 ರೂಪಾಯಿ ಉಳಿದರೆ ಕಂತಿಗಾಗಿಯೇ ತಿಂಗಳಿಗೆ 17 ಸುತ್ತುಗಳು ಬೇಕು. ಹದಿನೆಂಟನೆಯದರಿಂದ ಲಾಭ. ಡೀಸೆಲಿನ ವೆಚ್ಚ ಲಾರಿ ಓಡಿದರೆ ಮಾತ್ರ ಉಂಟು. ಇದು ಬದಲಾಗುವ ವೆಚ್ಚ. ಕಂತು ಓಡಿದರೂ ಉಂಟು, ನಿಂತರೂ ಉಂಟು. ಇದು ಸ್ಥಿರ ವೆಚ್ಚ. ಸುತ್ತುಗಳು ಸೊನ್ನೆಯಾದರೆ ಏನಾಗುವುದೆಂಬ ಒಂದು ಸಾಲನ್ನು ಸಾಲಕ್ಕೆ ಸಹಿ ಹಾಕುವ ಮೊದಲೇ ಬರೆದು ನೋಡುವುದೇ ವ್ಯವಹಾರಜ್ಞಾನ. ಬತ್ತದ ಕ್ರಮವಿಧಿಗೆ ನಾವು ಸೇರಿಸಿದ ಆ ಎಚ್ಚರಿಕೆಯ ಸಾಲಿಗೂ ಇದಕ್ಕೂ ಏನು ವ್ಯತ್ಯಾಸ?

ಅದೇ ಸಂಡೂರಿನಲ್ಲಿ ಇನ್ನೊಂದು ಸಂಪತ್ತುಂಟು. ಅದು ಲಂಬಾಣಿ ಮಹಿಳೆಯರ ಕಸೂತಿ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. 2023ರ ಜುಲೈಯಲ್ಲಿ ಹಂಪೆಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಕಲಾವಿದೆಯರ 1,755 ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯನ್ನು ಪಡೆಯಿತು. ಇಲ್ಲಿಯೂ ಲೆಕ್ಕ ಬೇಕು. ಒಂದು ಚೀಲದ ಬಟ್ಟೆ, ದಾರ, ಕನ್ನಡಿಗಳಿಗೆ 150 ರೂಪಾಯಿ, ಹೊಲಿಗೆಗೆ 12 ಗಂಟೆ ಎಂದಿಟ್ಟುಕೊಳ್ಳಿ. ಅದನ್ನು 600 ರೂಪಾಯಿಗೆ ಮಾರಿ 450 ರೂಪಾಯಿ ಲಾಭವಾಯಿತೆಂದು ಸಂತೋಷಪಟ್ಟರೆ ಲೆಕ್ಕ ತಪ್ಪಿತು. ಗಂಟೆಗೆ 37 ರೂಪಾಯಿ 50 ಪೈಸೆಯ ಕೂಲಿ ಬಂದಿತು, ಅಷ್ಟೆ. ತನ್ನ ದುಡಿಮೆಗೂ ಬೆಲೆ ಕಟ್ಟಿಕೊಳ್ಳಬೇಕೆಂದು ಲೆಕ್ಕಶಾಸ್ತ್ರವು ಕಲಿಸುತ್ತದೆ. ಆ ಚೀಲದ ಒಳ್ಳೆಯ ಚಿತ್ರವನ್ನು ದೂರದ ಕೊಳ್ಳುಗನಿಗೆ ಮುಟ್ಟಿಸುವುದು ಅಂಕೀಯ ಮಾಧ್ಯಮ. ಬಂದ ಬೇಡಿಕೆಗಳನ್ನು ತಪ್ಪದೆ ಎಣಿಸುವುದು ಕ್ರಮವಿಧಿ. ಮೂರು ವಿದ್ಯೆಗಳೂ ಒಂದೇ ಚೀಲದಲ್ಲಿ ಕೂಡಿದವು.

ಯಾವುದನ್ನು ಆರಿಸಬೇಕು?

ಕ್ರಮವಿಧಿಯನ್ನು ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳೇ ಬರೆಯುತ್ತವೆ, ಇನ್ನು ಕಲಿಯುವುದೇಕೆ ಎಂದು ಕೆಲವರು ಕೇಳುವರು. ಬರೆಯುತ್ತವೆ, ನಿಜ. ಆದರೆ ಬರೆದದ್ದು ಸರಿಯೇ ಎಂದು ಯಾರು ಹೇಳಬೇಕು? 'ಋಣ 90 ಕಿಲೋ' ಎಂಬ ಉತ್ತರವನ್ನು ಕಂಡು ಅನುಮಾನಪಡಲು ಬತ್ತವನ್ನೂ ಬಲ್ಲ, ಲೆಕ್ಕವನ್ನೂ ಬಲ್ಲ ಒಬ್ಬ ಮನುಷ್ಯ ಬೇಕು.

ವಿದ್ಯಾರ್ಥಿಗಳು ಕಾಲೇಜಿಗೆ ಸೇರುವ ಮೊದಲು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಪ್ರಯೋಗಶಾಲೆಯಲ್ಲಿ ಎಷ್ಟು ಮಂದಿಗೆ ಒಂದು ಯಂತ್ರ? ವಾರಕ್ಕೆ ಎಷ್ಟು ಗಂಟೆ ಅದರ ಮುಂದೆ ಕುಳಿತುಕೊಳ್ಳಬಹುದು? ಪಾಠ ಮಾಡುವ ಉಪಾಧ್ಯಾಯರು ಇದ್ದಾರೆಯೆ? ಬೆರಳಚ್ಚನ್ನಷ್ಟೇ ಕಲಿಸಿ ಗಣಕವಿಜ್ಞಾನವೆಂದು ಕರೆಯುವ ಕಡೆ ಎರಡು ವರ್ಷ ಕಳೆಯುವುದು ವ್ಯರ್ಥ. ಎಂಜಿನಿಯರಿಂಗಿಗೆ ಹೋಗಬೇಕೆನ್ನುವವರು ಭೌತಶಾಸ್ತ್ರ, ಗಣಿತಗಳನ್ನು ಬಿಡುವಂತಿಲ್ಲ. ಗಣಕವಿಜ್ಞಾನದೊಡನೆ ವಾಣಿಜ್ಯವನ್ನು ಓದಿದವರಿಗೆ ಬಿ.ಕಾಂ., ಬಿಸಿಎ ಮೊದಲಾದ ದಾರಿಗಳು ತೆರೆದಿರುತ್ತವೆ. ಎಲ್ಲಕ್ಕಿಂತ ಮೊದಲು, ಒಂದು ಪೆನ್ಸಿಲು, ಒಂದು ನೋಟುಪುಸ್ತಕ ಹಿಡಿದು, ಮನೆಯಲ್ಲಿ ನಡೆಯುವ ಯಾವುದಾದರೂ ಲೆಕ್ಕವನ್ನು ಹೆಜ್ಜೆಹೆಜ್ಜೆಯಾಗಿ ಬರೆದು ನೋಡಿ. ಅದರಲ್ಲಿ ಸುಖ ಕಂಡರೆ ಈ ವಿದ್ಯೆ ನಿಮ್ಮದು.

ಬಸ್ಸಿನಲ್ಲಿ ಆ ಹುಡುಗಿಗೆ ನಾವು ಹೇಳಿದ್ದೂ ಇಷ್ಟೆ. ಬತ್ತದ ಲೆಕ್ಕದ ಬಗೆಯನ್ನು ತಿಳಿಸಿದಾಗ ಅವಳು ಅಂಕಪಟ್ಟಿಯ ಚೀಲದಿಂದ ಒಂದು ಹಾಳೆಯನ್ನು ತೆಗೆದು ಬರೆಯತೊಡಗಿದಳು. "ಹೋದ ಸುಗ್ಗಿಯಾಗ ತೇವ ಎಷ್ಟಿತ್ತು ಯಪ್ಪಾ?" ಎಂದು ಕೇಳಿದಳು. "ಇಪ್ಪತ್ತು ಅಂದಿದ್ರು. ಚೀಲಕ್ಕೆ ಐದು ಕೆಜಿ ಹಿಡದ್ರು" ಎಂದರು ತಂದೆ. ಹುಡುಗಿ ಎರಡು ಸಲ ಭಾಗಾಕಾರ ಮಾಡಿ, "ಎರಡೂಮುಕ್ಕಾಲೂ ಆಗಂಗಿಲ್ಲ ಯಪ್ಪಾ. ನೂರು ಚೀಲಕ್ಕ ಎರಡುನೂರ ಇಪ್ಪತ್ತೊಂಬತ್ತು ಕೆಜಿ ಹೆಚ್ಚಿಗೆ ಹೋಗೇತಿ" ಎಂದಳು.

ತಂದೆ ಹಾಳೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಹೊಸಪೇಟೆಯ ನಿಲ್ದಾಣದಲ್ಲಿ ಇಳಿಯುವಾಗ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. "ಎರಡೂ ಕಲಿಸೋ ಕಾಲೇಜು ಎಲ್ಲೈತಿ, ನಡಿಯವ್ವಾ ಕೇಳೋಣು" ಎಂದು ಮಗಳಿಗೆ ಹೇಳುತ್ತಿದ್ದುದು ನಮಗೆ ಕೇಳಿಸಿತು.